ಅಗುಳಿ ಹಾಕಿದ ಬಾಗಿಲು ಮತ್ತು ಲಿಸ್ಬನ್‌ನ ಆ ಸಂಜೆ

ಜೂನ್ 16, 2018. ಆರನೇ ಸೆಮಿಸ್ಟರಿನ ಪರೀಕ್ಷೆ ತಲೆ ಮೇಲೆ ಕೂತಿತ್ತು. ಆದರೂ ಸಂಜೆ ಆರೂವರೆಗೆ ನಮ್ಮ ಹಾಸ್ಟೆಲಿನ ಟೀವಿ ರೂಮಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ವರ್ಲ್ಡ್ ಕಪ್ಪಿನಲ್ಲಿ ಅರ್ಜೆಂಟೀನಾ ಮತ್ತು ಐಸ್‌ಲ್ಯಾಂಡ್ ಮ್ಯಾಚು. ಐಸ್‌ಲ್ಯಾಂಡ್ ಅಂದರೆ ಇಡೀ ದೇಶಕ್ಕೆ ಮೂರೂವರೆ ಲಕ್ಷ ಜನ, ಅದಕ್ಕೆ ಅದೇ ಮೊದಲ ವರ್ಲ್ಡ್ ಕಪ್. ಕೋಚ್ ಹಲ್ಲಿನ ಡಾಕ್ಟರು, ಗೋಲ್‌ಕೀಪರ್ ಸಿನಿಮಾ ನಿರ್ದೇಶಕ. ಅಗ್ವೆರೋ 19ನೇ ನಿಮಿಷಕ್ಕೆ ಒಂದು ಗೋಲು ಹೊಡೆದ, ನಾಲ್ಕೇ ನಿಮಿಷದಲ್ಲಿ ಫಿನ್‌ಬೊಗಾಸನ್ ಅದನ್ನು ಸಮ ಮಾಡಿದ. ಆಮೇಲೆ ಶುರುವಾಯ್ತು ನೋಡಿ. ಐಸ್‌ಲ್ಯಾಂಡಿನ ಹತ್ತೂ ಜನ ತಮ್ಮ ಬಾಕ್ಸಿನ ಮುಂದೆ ಎರಡು ಸಾಲಾಗಿ ನಿಂತುಬಿಟ್ಟರು. ಮೆಸ್ಸಿ ಬಲಗಡೆಯಿಂದ ಬಂದ, ಎಡಗಡೆಯಿಂದ ಬಂದ, ನಡುವಿನಿಂದ ಬಂದ. ಪೆನಾಲ್ಟಿ ಕೂಡ ಸಿಕ್ಕಿತು, ಆ ಸಿನಿಮಾ ನಿರ್ದೇಶಕ ಅದನ್ನೂ ತಡೆದ. ಕೊನೆಗೆ 1-1.

ನನ್ನ ಪಕ್ಕ ಕೂತಿದ್ದ ರೂಮ್‌ಮೇಟ್ ಮೆಸ್ಸಿ ಭಕ್ತ. "ಇದೇನ್ ಫುಟ್‌ಬಾಲಾ ಮಗಾ? ರೇಷನ್ ಅಂಗಡಿ ಮುಂದೆ ಕ್ಯೂ ನಿಂತಂಗೆ ನಿಂತವ್ರೆ. ನಾಚ್ಕೆ ಆಗ್ಬೇಕು" ಅಂತ ಬೈದುಕೊಂಡು ಊಟಕ್ಕೂ ಬರದೆ ಮಲಗಿದ. ನಾನು ಮಾತಾಡಲಿಲ್ಲ. ಯಾಕಂದರೆ ನಾನು ಒಳಗೊಳಗೇ ಐಸ್‌ಲ್ಯಾಂಡಿಗೆ ಜೈ ಅಂದಿದ್ದೆ. ಕಾಲೇಜ್ ಟೀಮಿನಲ್ಲಿ ನಾನು ಸ್ಟಾಪರ್ ಬ್ಯಾಕ್. ಉದ್ದ ಇದ್ದೀನಿ, ಜೋರಾಗಿ ಓಡೋಕೆ ಬರಲ್ಲ, ಡ್ರಿಬಲ್ ಅಂತೂ ಕೇಳಲೇಬೇಡಿ. ಅಂಥವರನ್ನು ಎಲ್ಲ ಟೀಮಲ್ಲೂ ಗೋಲಿನ ಮುಂದೆ ಕಂಬದ ಹಾಗೆ ನಿಲ್ಲಿಸುತ್ತಾರೆ.

ಅದೇ ವರ್ಷ ನಾವೊಂದು ಇಂಟರ್ ಕಾಲೇಜ್ ಮ್ಯಾಚ್ ಆಡಿದ್ದೆವು. ಎದುರಾಳಿಗಳು ನಮಗಿಂತ ಎಲ್ಲ ರೀತಿಯಲ್ಲೂ ಮೇಲು, ಅದು ಎರಡೂ ಕಡೆಯವರಿಗೆ ಗೊತ್ತಿತ್ತು. ಆದ್ದರಿಂದ ನಮ್ಮ ಪ್ಲಾನ್ ಒಂದೇ: ಎಲ್ಲರೂ ಹಿಂದೆ ನಿಲ್ಲೋದು, ಬಂದದ್ದನ್ನೆಲ್ಲ ದೂರ ಒದೆಯೋದು. ಎಪ್ಪತ್ತು ನಿಮಿಷ 0-0. ಅಷ್ಟರಲ್ಲಿ ಅವರದೊಂದು ಶಾಟ್ ಕಂಬಕ್ಕೆ ಬಡಿದು ವಾಪಸ್ ಬಂತು. ಆ ಕ್ಷಣ ನನ್ನ ತಲೆಯಲ್ಲಿ ಬಂದ ಯೋಚನೆಯನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. 'ಒಳಗೆ ಹೋಗಿಬಿಡಬಾರದಿತ್ತಾ, ಮುಗಿದುಹೋಗ್ತಿತ್ತು' ಅಂತ ಅನ್ನಿಸಿತ್ತು. ಕಾಲು ಸೋತಿರಲಿಲ್ಲ, ತಲೆ ಸೋತಿತ್ತು. ಸ್ವಲ್ಪ ಹೊತ್ತಿಗೇ ಎರಡು ಗೋಲು ಬಿತ್ತು. ಡ್ರೆಸ್ಸಿಂಗ್ ರೂಮಲ್ಲಿ ಎಲ್ಲರೂ ಅಳುತ್ತಿದ್ದರೆ ನನಗೆ ಒಂಥರಾ ಹಗುರ ಅನ್ನಿಸಿ, ಅದಕ್ಕೇ ನಾಚಿಕೆಯಾಗಿತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಾಲ್ಕೈದು ವರ್ಷದ ನಂತರ ಒಂದು ಹಳೇ ಪಂದ್ಯದ ಬಗ್ಗೆ ಓದುವಾಗ ನನ್ನದೇ ಯೋಚನೆ ಇನ್ನೊಬ್ಬನ ಬಾಯಲ್ಲಿ ಸಿಕ್ಕಿತು. ಅವನು ನನ್ನಂಥ ಕಂಬ ಅಲ್ಲ, ಯುರೋಪಿನ ಅತಿ ದೊಡ್ಡ ಟೀಮಿನ ಕ್ಯಾಪ್ಟನ್. ಆ ಪಂದ್ಯದ ಕತೆ ಇದು.

ಮೊದಲು ಬಾಗಿಲಿನ ಕತೆ. ಮಲೆನಾಡಿನ ನಮ್ಮ ಅಜ್ಜಿ ಮನೆಯಲ್ಲಿ ಹೆಬ್ಬಾಗಿಲಿಗೆ ದಪ್ಪದೊಂದು ಮರದ ಅಗುಳಿ ಇತ್ತು. ರಾತ್ರಿ ಅದನ್ನು ಅಡ್ಡ ಎಳೆದರೆ ಮುಗೀತು, ಆನೆ ಬಂದರೂ ಬಾಗಿಲು ತೆರೆಯಲ್ಲ ಅಂತ ಅಜ್ಜಿ ಹೇಳ್ತಿದ್ದಳು. ಇಟಲಿಯವರು ಫುಟ್‌ಬಾಲಿನಲ್ಲಿ ಇದನ್ನೇ ಮಾಡಿದರು, ಹೆಸರೂ ಅದನ್ನೇ ಇಟ್ಟರು. ಕತೆನಾಚ್ಚೊ ಅಂದರೆ ಅಗುಳಿ.

ಆದರೆ ಅಗುಳಿಯ ಬಡಗಿ ಇಟಲಿಯವನಲ್ಲ. ಕಾರ್ಲ್ ರಾಪಾನ್ ಅನ್ನೋ ವಿಯೆನ್ನಾದವನು 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸರ್ವೆಟ್ ತಂಡದಲ್ಲಿ ಕೋಚ್ ಆಗಿದ್ದ. ಸ್ವಿಸ್ ಆಟಗಾರರು ಬೇರೆ ಕೆಲಸ ಮಾಡಿಕೊಂಡು ಬಿಡುವಿನಲ್ಲಿ ಆಡುವವರು. ವೃತ್ತಿಪರರ ಜೊತೆ ಒಬ್ಬೊಬ್ಬರಾಗಿ ಎದುರಾದರೆ ದಮ್ಮು ಸಾಲುತ್ತಿರಲಿಲ್ಲ. ಅದಕ್ಕೆ ರಾಪಾನ್ ತನ್ನವರನ್ನು ಹಿಂದಕ್ಕೆ ಎಳೆದುಕೊಂಡ, ಡಿಫೆಂಡರುಗಳ ಸಾಲಿನ ಹಿಂದೆ ಇನ್ನೊಬ್ಬನನ್ನು ನಿಲ್ಲಿಸಿದ. ಮುಂದಿನವನು ತಪ್ಪಿದರೆ ಹಿಂದೊಬ್ಬ ಇದ್ದಾನೆ. ಫ್ರೆಂಚಿನಲ್ಲಿ ಅದಕ್ಕೆ ವೆರೂ ಅಂದರು, ಅರ್ಥ ಅದೇ, ಅಗುಳಿ. 1938ರ ವರ್ಲ್ಡ್ ಕಪ್ಪಿನಲ್ಲಿ ಇದೇ ಸ್ವಿಸ್ ತಂಡ ಜರ್ಮನಿಯ ಜೊತೆ 1-1 ಮಾಡಿಕೊಂಡು, ಮರುಪಂದ್ಯದಲ್ಲಿ ಎರಡು ಗೋಲು ಹಿಂದಿದ್ದೂ 4-2ರಿಂದ ಗೆದ್ದಿತು. ಆ ಜರ್ಮನಿ ಆಸ್ಟ್ರಿಯಾವನ್ನು ನುಂಗಿ ಅದರ ಆಟಗಾರರನ್ನೂ ಸೇರಿಸಿಕೊಂಡು ಬಂದ ಜರ್ಮನಿ ಅನ್ನೋದನ್ನು ಮರೆಯಬೇಡಿ.

ಅಂದರೆ ಇದು ಹುಟ್ಟಿದ್ದು ಬಡವರ ಉಪಾಯವಾಗಿ. ನಮ್ಮ ರೂಮ್‌ಮೇಟ್ ಇದನ್ನು ಕೇಳಿಸಿಕೊಳ್ಳಲಿ :)

ಇಟಲಿಗೆ ಇದು ಹೇಗೆ ಬಂತು ಅನ್ನೋದಕ್ಕೆ ಒಂದು ಚೆಂದದ ದಂತಕತೆ ಇದೆ. ಸಲೆರ್ನೊ ಅನ್ನೋ ಕಡಲೂರಿನ ತಂಡದ ಕೋಚ್ ಜೀಪೊ ವಿಯಾನಿ ಬೆಳಗಿನ ಜಾವ ದಡದಲ್ಲಿ ಓಡಾಡ್ತಾ ಇದ್ದನಂತೆ. ಮೀನುಗಾರರು ಒಂದು ಬಲೆಯ ಹಿಂದೆ ಇನ್ನೊಂದು ಬಲೆ ಬಿಟ್ಟಿದ್ದರಂತೆ, ಮೊದಲನೆಯದರಿಂದ ತಪ್ಪಿಸಿಕೊಂಡ ಮೀನು ಎರಡನೆಯದಕ್ಕೆ ಬೀಳಲಿ ಅಂತ. ಅದನ್ನು ನೋಡಿ ಅವನಿಗೆ ಹೊಳೆಯಿತಂತೆ. ನಾನು ಇದನ್ನು ಪೂರ್ತಿ ನಂಬಲ್ಲ. ಆದರೆ ಸಣ್ಣ ಊರಿನ ಸಣ್ಣ ತಂಡಗಳೇ ಇದನ್ನು ಮೊದಲು ಹಿಡಿದುಕೊಂಡವು ಅನ್ನೋದು ನಿಜ. ನೆರೇಯೊ ರೊಕ್ಕೊ ತನ್ನೂರು ಟ್ರಿಯೆಸ್ಟೆಯ ತಂಡವನ್ನು ಇದೇ ಉಪಾಯದಿಂದ 1947-48ರಲ್ಲಿ ಇಟಲಿಯ ಲೀಗಿನಲ್ಲಿ ಎರಡನೇ ಸ್ಥಾನದವರೆಗೆ ಒಯ್ದ. ಆಮೇಲೆ ಅವನೇ ಮಿಲಾನ್ ತಂಡಕ್ಕೆ ಹೋಗಿ 1963ರಲ್ಲಿ ಯುರೋಪಿಯನ್ ಕಪ್ ಗೆದ್ದ. ಹೀಗೆ ಬಡವರ ಅಗುಳಿ ಶ್ರೀಮಂತರ ಮನೆ ಬಾಗಿಲಿಗೆ ಬಂತು.

ಅದಕ್ಕೆ ಬೆಳ್ಳಿ ಕಟ್ಟು ಹಾಕಿಸಿದವನು ಹೆಲೆನಿಯೊ ಹೆರೆರಾ. ಹುಟ್ಟಿದ್ದು ಬ್ಯೂನಸ್ ಐರಿಸ್‌ನಲ್ಲಿ, ಬೆಳೆದದ್ದು ಕಾಸಾಬ್ಲಾಂಕಾದಲ್ಲಿ. ಬಾರ್ಸಿಲೋನಾದಲ್ಲಿ ಹೆಸರು ಮಾಡಿ 1960ರಲ್ಲಿ ಇಂಟರ್ ಮಿಲಾನ್‌ಗೆ ಬಂದ. ಮೂರು ಸಲ ಇಟಲಿಯ ಲೀಗ್, 1964 ಮತ್ತು 1965ರಲ್ಲಿ ಸಾಲಾಗಿ ಎರಡು ಯುರೋಪಿಯನ್ ಕಪ್. ತರಬೇತಿ ಜಾಗದ ಗೋಡೆಗೆಲ್ಲ ಘೋಷಣೆ ಅಂಟಿಸುತ್ತಿದ್ದ, ಆಟಗಾರರು ಏನು ತಿನ್ನಬೇಕು, ಯಾವಾಗ ಮಲಗಬೇಕು ಅಂತ ತಾನೇ ಹೇಳುತ್ತಿದ್ದ, ಮ್ಯಾಚಿಗೆ ಮುಂಚೆ ಎಲ್ಲರನ್ನೂ ಊರಾಚೆ ಕೂಡಿಹಾಕುತ್ತಿದ್ದ. ನಮ್ಮ ಕೆಲವು ಪ್ರಾಜೆಕ್ಟ್ ಮ್ಯಾನೇಜರುಗಳ ತಾತ ಅನ್ನಿ.

ಅವನ ಅಗುಳಿ ಕೆಲಸ ಮಾಡ್ತಿದ್ದದ್ದು ಹೀಗೆ. ಎದುರಾಳಿಯ ಪ್ರತಿ ಫಾರ್ವರ್ಡಿಗೆ ಒಬ್ಬೊಬ್ಬ ಕಾವಲು. ಅವನು ಎಲ್ಲಿ ಹೋದರೆ ಇವನೂ ಅಲ್ಲಿ. ಬಲಗಡೆ ತಾರ್ಚಿಸಿಯೊ ಬುರ್ನಿಕ್, ನಡುವೆ ಗ್ವಾರ್ನೆರಿ, ಎಡಗಡೆ ಜಿಯಾಚಿಂಟೊ ಫಕೆಟ್ಟಿ. ಇವರೆಲ್ಲರ ಹಿಂದೆ ಯಾರನ್ನೂ ಕಾಯದೆ ಸ್ವತಂತ್ರವಾಗಿ ಅಡ್ಡಾಡುವ ಸ್ವೀಪರ್, ಕ್ಯಾಪ್ಟನ್ ಅರ್ಮಾಂಡೊ ಪಿಕ್ಕಿ. ಚೆಂಡು ಸಿಕ್ಕ ತಕ್ಷಣ ಸ್ಪೇನಿನ ಲೂಯಿಸ್ ಸುವಾರೆಜ್ ಕಾಲಿಂದ ಒಂದು ಉದ್ದ ಪಾಸು, ಮುಂದೆ ಮಝೋಲಾ ಅಥವಾ ಬ್ರೆಜಿಲಿನ ಜೈರ್ ಓಟ, ಗೋಲು. ಒಂದು ಗೋಲು ಸಾಕು. ಆಮೇಲೆ ಅಗುಳಿ ಎಳೆದು ಮಲಗೋದು.

ಇಲ್ಲಿ ಒಂದು ಮಾತು ಹೇಳಲೇಬೇಕು, ಡಿಫೆಂಡರುಗಳ ಪರವಾಗಿ. ಫಕೆಟ್ಟಿ ಹೆಸರಿಗೆ ಲೆಫ್ಟ್ ಬ್ಯಾಕ್, ಆದರೆ 1965-66ರ ಲೀಗಿನಲ್ಲಿ ಹತ್ತು ಗೋಲು ಹೊಡೆದವನು. ತನ್ನನ್ನು ಅನುಕರಿಸಿದವರೆಲ್ಲ ಅಗುಳಿಯನ್ನು ಮಾತ್ರ ಕದ್ದರು, ಫಕೆಟ್ಟಿಯನ್ನು ಮರೆತರು ಅನ್ನೋ ಅರ್ಥದಲ್ಲಿ ಹೆರೆರಾ ಕೊನೆವರೆಗೂ ವಾದಿಸುತ್ತಿದ್ದ. ಅದರಲ್ಲಿ ಸತ್ಯ ಇದೆ.

ಈಗ ಇನ್ನೊಂದು ಕಡೆ. ಸ್ಕಾಟ್ಲೆಂಡಿನ ಗ್ಲಾಸ್ಗೋ. ಸೆಲ್ಟಿಕ್ ತಂಡದ ಮ್ಯಾನೇಜರ್ ಜಾಕ್ ಸ್ಟೀನ್, ಒಂದು ಕಾಲದಲ್ಲಿ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. 1963ರಲ್ಲಿ ಡನ್‌ಫರ್ಮ್ಲಿನ್ ಅನ್ನೋ ಸಣ್ಣ ತಂಡದ ಮ್ಯಾನೇಜರ್ ಆಗಿದ್ದಾಗ ಮಿಲಾನ್‌ಗೆ ಹೋಗಿ ಹೆರೆರಾ ಹೇಗೆ ತರಬೇತಿ ಕೊಡ್ತಾನೆ ಅಂತ ಕಣ್ಣಾರೆ ನೋಡಿಕೊಂಡು ಬಂದಿದ್ದ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಎದುರಾಳಿಯ ಸೋರ್ಸ್ ಕೋಡನ್ನು ನಾಲ್ಕು ವರ್ಷ ಮೊದಲೇ ಓದಿಕೊಂಡಿದ್ದ. 1965ರಲ್ಲಿ ಸೆಲ್ಟಿಕ್‌ಗೆ ಬಂದ. ಅವನ ಹನ್ನೊಂದು ಜನರೂ ಸೆಲ್ಟಿಕ್ ಮೈದಾನದಿಂದ ಸುಮಾರು ಮೂವತ್ತು ಮೈಲಿಯೊಳಗೆ ಹುಟ್ಟಿದವರು. ಬೆಂಗಳೂರು, ರಾಮನಗರ, ಮಾಗಡಿ, ಹೊಸಕೋಟೆಯ ಹುಡುಗರಷ್ಟೇ ಸೇರಿ ಯುರೋಪಿಯನ್ ಕಪ್ ಫೈನಲ್ ಆಡಿದ ಹಾಗೆ.

ಸ್ಟೀನ್ ಬಗ್ಗೆ ಎಲ್ಲರೂ ಬರೆಯುವಾಗ ಆಕ್ರಮಣದ ಹರಿಕಾರ, ಫುಟ್‌ಬಾಲನ್ನು ಉಳಿಸಿದ ಪುಣ್ಯಾತ್ಮ ಅಂತ ಬರೀತಾರೆ. ಆದರೆ ಫೈನಲ್‌ಗೆ ಒಂದು ತಿಂಗಳ ಮೊದಲು, ಏಪ್ರಿಲ್ 1967ರಲ್ಲಿ, ಸೆಮಿಫೈನಲ್ಲಿನ ಎರಡನೇ ಪಂದ್ಯಕ್ಕೆ ಪ್ರಾಗ್‌ಗೆ ಹೋದಾಗ ಇದೇ ಪುಣ್ಯಾತ್ಮ ಮಾಡಿದ್ದೇನು? ಮೊದಲ ಪಂದ್ಯ 3-1ರಿಂದ ಗೆದ್ದಿದ್ದರು. ಡೂಕ್ಲಾ ಪ್ರಾಗ್ ಎದುರು ಚಾಮರ್ಸ್ ಒಬ್ಬನನ್ನು ಮುಂದೆ ಬಿಟ್ಟು ಉಳಿದವರನ್ನೆಲ್ಲ ಹಿಂದೆ ನಿಲ್ಲಿಸಿ 0-0 ಮಾಡಿಕೊಂಡು ಬಂದ. ಅದು ಅವನಿಗೇ ಇಷ್ಟವಾಗಲಿಲ್ಲ, ಇನ್ನು ಹಾಗೆ ಆಡಿಸಲ್ಲ ಅಂದನಂತೆ. ಆದರೆ ಅಗುಳಿ ಹಾಕೋಕೆ ಗೊತ್ತಿದ್ದವನಿಗೇ ಅದು ಎಲ್ಲಿ ಸಡಿಲ ಅಂತ ಗೊತ್ತಿರುತ್ತೆ, ಅಲ್ವಾ?

ಮೇ 25, 1967. ಲಿಸ್ಬನ್ ಹೊರಗಿನ ನ್ಯಾಷನಲ್ ಸ್ಟೇಡಿಯಂ. ಸುಡುಬಿಸಿಲು. ಸುತ್ತ ಮರಗಳಿರುವ, ಒಂದು ಕಡೆ ತೆರೆದ ಹಳೆಯ ಮೈದಾನ. ಸುರಂಗದಲ್ಲಿ ಎರಡೂ ತಂಡ ಅಕ್ಕಪಕ್ಕ ನಿಂತಿದ್ದರು. ಇಂಟರ್‌ನವರು ಬಿಸಿಲಿಗೆ ಬಣ್ಣ ಬಂದ, ಎಣ್ಣೆ ಹಾಕಿ ಬಾಚಿದ ತಲೆಯ ಸಿನಿಮಾ ನಟರ ಹಾಗಿದ್ದರಂತೆ. ಸೆಲ್ಟಿಕ್‌ನವರಲ್ಲಿ ಕೆಲವರಿಗೆ ಮುಂದಿನ ಹಲ್ಲೇ ಇರಲಿಲ್ಲ. ಅವರ ಕಟ್ಟುಹಲ್ಲುಗಳನ್ನು 36 ವರ್ಷದ ಗೋಲ್‌ಕೀಪರ್ ರಾನಿ ಸಿಂಪ್ಸನ್ ತನ್ನ ಟೋಪಿಯಲ್ಲಿ ಹಾಕಿಕೊಂಡು ಗೋಲಿನ ಮೂಲೆಯಲ್ಲಿಟ್ಟಿದ್ದ, ಗೆದ್ದರೆ ಫೋಟೋಗೆ ಬೇಕಲ್ಲ! ಸುರಂಗದಲ್ಲಿ ಬರ್ಟಿ ಆಲ್ಡ್ ಇದ್ದಕ್ಕಿದ್ದ ಹಾಗೆ ಕ್ಲಬ್ಬಿನ ಹಾಡು ಶುರು ಮಾಡಿದ, ಉಳಿದವರೂ ದನಿಗೂಡಿಸಿದರು. ಇಟಲಿಯವರು ಕಣ್ಣು ಬಿಟ್ಟು ನೋಡಿದರು.

ಅವರು ಯಾವ ಸ್ಥಿತಿಯಲ್ಲಿ ನೋಡಿದರು ಅನ್ನೋದು ಮುಖ್ಯ. ಬುರ್ನಿಕ್ ವರ್ಷಗಳ ನಂತರ ಅದನ್ನು ಬಿಚ್ಚಿ ಹೇಳಿದ್ದಾನೆ. ಲಿಸ್ಬನ್‌ನಿಂದ ಸ್ವಲ್ಪ ದೂರದಲ್ಲಿ ಸಮುದ್ರದ ಹತ್ತಿರದ ಒಂದು ಹೋಟೆಲನ್ನು ಹೆರೆರಾ ಪೂರ್ತಿ ತನ್ನ ತಂಡಕ್ಕೇ ಹಿಡಿದಿದ್ದ. ಹೊರಗಿನ ನರಪಿಳ್ಳೆ ಇಲ್ಲ. ಹೆಂಡತಿ ಮಕ್ಕಳಿಲ್ಲ. ಬೆಳಗಿನಿಂದ ರಾತ್ರಿವರೆಗೆ ಮ್ಯಾಚು, ಮ್ಯಾಚು, ಮ್ಯಾಚು. ರಾತ್ರಿ ನಿದ್ದೆ ಇಲ್ಲ. ಪಕ್ಕದ ರೂಮಿನಿಂದ ಯಾರೋ ವಾಂತಿ ಮಾಡುವ ಸದ್ದು ಕೇಳುತ್ತಿತ್ತಂತೆ, ಅದು ಕ್ಯಾಪ್ಟನ್ ಪಿಕ್ಕಿ. ಬೆಳಿಗ್ಗೆ ಇನ್ನೂ ಕೆಲವರು. ಡ್ರೆಸ್ಸಿಂಗ್ ರೂಮಿನಲ್ಲಿ ಇನ್ನೂ ಕೆಲವರು. ಹೆದರಿಕೆಗೆ. ಜೊತೆಗೆ ಸುವಾರೆಜ್ ಗಾಯ ಮಾಡಿಕೊಂಡು ಹೊರಗಿದ್ದ, ಜೈರ್ ಕೂಡ ಇರಲಿಲ್ಲ. ಅಂದರೆ ಅಗುಳಿ ತೆಗೆದು ಹೊರಗೆ ಓಡಬೇಕಾದ ಇಬ್ಬರೂ ಇಲ್ಲ, ಬರೀ ಅಗುಳಿ ಉಳಿದಿತ್ತು. ಇದನ್ನು ಸೆಲ್ಟಿಕ್ ಅಭಿಮಾನಿಗಳು ಹೇಳೋದೇ ಇಲ್ಲ.

ಏಳನೇ ನಿಮಿಷಕ್ಕೇ ಇಂಟರ್‌ಗೆ ಬೇಕಾದದ್ದು ಸಿಕ್ಕಿತು. ಬಾಕ್ಸಿನೊಳಗೆ ಕಪೆಲ್ಲಿನಿಯನ್ನು ಜಿಮ್ ಕ್ರೇಗ್ ಬೀಳಿಸಿದ, ಪೆನಾಲ್ಟಿ, ಮಝೋಲಾ ಗೋಲು. 1-0. ಇಡೀ ಯುರೋಪಿಗೆ ಗೊತ್ತಿತ್ತು, ಇಂಟರ್ 1-0 ಅಂದರೆ ಟೀವಿ ಆರಿಸಿ ಮಲಗಬಹುದು ಅಂತ. ಅಗುಳಿ ಬಿತ್ತು.

ಮುಂದಿನ 80 ನಿಮಿಷವನ್ನು ನಾನು ಇಂಟರ್ನೆಟ್ಟಿನಲ್ಲಿ ಕಪ್ಪು-ಬಿಳುಪಿನಲ್ಲಿ ಎರಡು ಸಲ ನೋಡಿದ್ದೀನಿ. ಎರಡನೇ ಸಲ ನೋಡುವಾಗ ಚೆಂಡನ್ನು ಬಿಟ್ಟು ಇಂಟರ್‌ನ ಡಿಫೆಂಡರುಗಳನ್ನೇ ನೋಡುತ್ತಾ ಹೋದೆ. ಹಳೇ ಚಾಳಿ.

ಸ್ಟೀನ್ ಮಾಡಿದ್ದು ಇಷ್ಟು. ಇಂಟರ್‌ನ ಕಾವಲುಗಾರರು ಕಾಯೋದು ಜಾಗವನ್ನಲ್ಲ, ಮನುಷ್ಯರನ್ನು. ಹಾಗಿದ್ದರೆ ಮನುಷ್ಯರನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋದರೆ ಕಾವಲೂ ಹಿಂದೆ ಬರುತ್ತೆ! ಚಾಮರ್ಸ್ ಮತ್ತು ವಾಲೇಸ್ ಗೋಲಿನ ಮುಂದೆ ನಿಲ್ಲದೆ ಅಲ್ಲಿಂದ ಸರಿದು ಓಡಾಡಿದರು. ಬಲಗಡೆಯ ಪುಟ್ಟ ದೇಹದ ಜಿಮ್ಮಿ ಜಾನ್‌ಸ್ಟನ್, ಡ್ರಿಬಲ್ ಮಾಡೋದರಲ್ಲಿ ಮಾಂತ್ರಿಕ, ತನ್ನ ಜಾಗ ಬಿಟ್ಟು ಒಳಕ್ಕೆ, ಹಿಂದಕ್ಕೆ, ಎಲ್ಲೆಂದರಲ್ಲಿ ತಿರುಗಿದ. ಅವನ ಹಿಂದೆ ಕಾವಲುಗಾರನೂ ಹೋದ. ಎರಡೂ ಬದಿಯ ಬೀದಿ ಖಾಲಿ. ಆ ಖಾಲಿ ಬೀದಿಯಲ್ಲಿ ಬಂದವರು ಫಾರ್ವರ್ಡುಗಳಲ್ಲ, ಸೆಲ್ಟಿಕ್‌ನ ಫುಲ್‌ಬ್ಯಾಕುಗಳು. ಬಲದಿಂದ ಕ್ರೇಗ್, ಎಡದಿಂದ ಟಾಮಿ ಗೆಮೆಲ್. ಅವರನ್ನು ಕಾಯಲು ಇಂಟರ್‌ನಲ್ಲಿ ಯಾರನ್ನೂ ನೇಮಿಸಿರಲೇ ಇಲ್ಲ.

ಲೆಕ್ಕ ಸರಳ. ನನಗೆ ಇದು ಹೊಳೆದಾಗ ಒಂದು ದಿನ ಪೂರ್ತಿ ಖುಷಿಯಾಗಿತ್ತು. ಅಗುಳಿ ಅಂದರೆ ಹಿಂದೆ ಒಬ್ಬ ಹೆಚ್ಚುವರಿ ಮನುಷ್ಯ, ಸ್ವೀಪರ್. ಆದರೆ ತಂಡದಲ್ಲಿ ಇರೋದು ಹತ್ತೇ ಜನ. ಹಿಂದೆ ಒಬ್ಬ ಹೆಚ್ಚಾದರೆ ಮುಂದೆ ಎಲ್ಲೋ ಒಬ್ಬ ಕಮ್ಮಿ ಆಗಲೇಬೇಕು. ಆ ಕಮ್ಮಿಯಾದ ಜಾಗದಲ್ಲಿ ಎದುರಾಳಿಗೊಬ್ಬ ಹೆಚ್ಚುವರಿ ಮನುಷ್ಯ ಸಿಗ್ತಾನೆ. ಅವನು ಯಾರು, ಎಲ್ಲಿ ಅಂತ ಹುಡುಕಿಕೊಂಡು ಅವನ ಕಾಲಿಗೆ ಚೆಂಡು ಮುಟ್ಟಿಸಬೇಕು. ಅಷ್ಟೇ. ಸೆಲ್ಟಿಕ್‌ಗೆ ಅವನು ಫುಲ್‌ಬ್ಯಾಕ್.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಹಿಂದೆ ಗುಂಪುಗಟ್ಟಿ ನಿಂತ ಡಿಫೆಂಡರುಗಳಿಗೆ ದೂರದಿಂದ ಎತ್ತರದ ಕ್ರಾಸ್ ಬಂದರೆ ಹಬ್ಬ. ನಾನು ಆಡಿ ನೋಡಿದ್ದೀನಲ್ಲ, ಮುಖ ಮುಂದಕ್ಕಿರುತ್ತೆ, ಚೆಂಡು ಬರೋದು ಕಾಣುತ್ತೆ, ಹಾರಿ ತಲೆ ಕೊಟ್ಟರೆ ಆಯ್ತು. ದಿನವಿಡೀ ಮಾಡಬಹುದು. ಆದರೆ ಎದುರಾಳಿ ಬದಿಯಿಂದ ಆಳಕ್ಕೆ ನುಗ್ಗಿದ ಅಂದುಕೊಳ್ಳಿ. ಆಗ ನಾವೆಲ್ಲ ನಮ್ಮ ಗೋಲಿನ ಕಡೆಗೇ ಮುಖ ಮಾಡಿ ಓಡಬೇಕು. ಆ ಹೊತ್ತಿಗೆ ಅವನು ಚೆಂಡನ್ನು ಗೋಲಿನ ಮುಂದೆ ಹಾಕದೆ ಹಿಂದಕ್ಕೆ, ಬಾಕ್ಸಿನ ಅಂಚಿಗೆ ಉರುಳಿಸಿಬಿಟ್ಟರೆ? ನಾವು ಓಡ್ತಿರೋದು ಒಂದು ಕಡೆ, ಚೆಂಡು ಹೋಗೋದು ಇನ್ನೊಂದು ಕಡೆ. ಬ್ರೇಕ್ ಹಾಕಿ, ತಿರುಗಿ, ಹೊರಡಬೇಕು. ಅಲ್ಲಿಗೆ ಓಡಿ ಬರುವ ಎದುರಾಳಿಗೆ ಇದ್ಯಾವುದೂ ಬೇಕಿಲ್ಲ, ಅವನ ಮುಖ ಆಗಲೇ ಗೋಲಿನ ಕಡೆಗಿದೆ. ನಾವು ಸೋತ ಆ ಇಂಟರ್ ಕಾಲೇಜ್ ಮ್ಯಾಚಿನಲ್ಲಿ ಮೊದಲ ಗೋಲು ಹೀಗೇ ಬಿದ್ದದ್ದು. ಈಗಿನವರು ಇದಕ್ಕೆ ಕಟ್‌ಬ್ಯಾಕ್ ಅಂತಾರೆ.

ಸೆಲ್ಟಿಕ್ ಹೊಡೆದದ್ದು ನಲವತ್ತರ ಆಸುಪಾಸು ಶಾಟುಗಳು. ಆಲ್ಡ್ ಹೊಡೆದದ್ದು ಮೇಲಿನ ಪಟ್ಟಿಗೆ ಬಡಿಯಿತು, ಗೆಮೆಲ್ ಹೊಡೆದದ್ದೊಂದು ಹಾಗೇ ಆಯಿತು. ಗೋಲ್‌ಕೀಪರ್ ಸಾರ್ತಿ ಅವತ್ತು ಆಡಿದ ಆಟಕ್ಕೆ ಸೋತ ತಂಡದವನಾದರೂ ಹಾರ ಹಾಕಬೇಕಿತ್ತು. 63ನೇ ನಿಮಿಷದಲ್ಲಿ ಬಲಗಡೆ ಕ್ರೇಗ್‌ಗೆ ಚೆಂಡು ಬಂತು. ಅವನು ಅವಸರ ಮಾಡಲಿಲ್ಲ, ಡಿಫೆಂಡರುಗಳು ತನ್ನ ಕಡೆ ಎಳೆದುಕೊಳ್ಳುವವರೆಗೆ ತಡೆದು, ನಿಧಾನವಾಗಿ ಬಾಕ್ಸಿನ ಹೊರಗಂಚಿಗೆ ಅಡ್ಡ ಉರುಳಿಸಿದ. ಎಡಗಡೆಯಿಂದ ಗೆಮೆಲ್ ಓಡಿಬಂದು ಒದ್ದ. ಅಂಥ ಒದೆತ ತಡೆಯೋಕೆ ಸಾರ್ತಿಯ ತಾತನಿಂದಲೂ ಆಗುತ್ತಿರಲಿಲ್ಲ. 1-1.

ತಮಾಷೆ ಗೊತ್ತಾ? ಒಬ್ಬ ಫುಲ್‌ಬ್ಯಾಕ್ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಉಳಿಯಬೇಕು ಅಂತ ಸ್ಟೀನನ ಕಟ್ಟಪ್ಪಣೆ ಇತ್ತು. ಗೆಮೆಲ್ ಅದನ್ನು ಮುರಿದಿದ್ದ. ಒಬ್ಬ ಫುಲ್‌ಬ್ಯಾಕ್ ಕೊಟ್ಟ ಪಾಸಿಗೆ ಇನ್ನೊಬ್ಬ ಫುಲ್‌ಬ್ಯಾಕ್ ಗೋಲು ಹೊಡೆದ ಅಂದರೆ ಕೇಳಿದವರು ನಗಬೇಕು, ಆದರೆ ಅಗುಳಿ ಮುರಿದದ್ದು ಅದೇ.

ಇನ್ನೀಗ ನಾನು ಹೇಳಬೇಕು ಅಂತ ಇಷ್ಟುದ್ದ ಬಂದ ಮಾತು. ಗೋಲು ಸಮವಾದ ಮೇಲೂ ಹೊತ್ತು ಇತ್ತು. ಇಂಟರ್ ಸೋತಿರಲಿಲ್ಲ. ಅಗುಳಿ ಇನ್ನೊಂದು ಸಲ ಹಾಕಬಹುದಿತ್ತು. ಆದರೆ ಬುರ್ನಿಕ್ ನೆನಪಿಸಿಕೊಂಡ ಹಾಗೆ, ಒಂದು ಹೊತ್ತಿನಲ್ಲಿ ಪಿಕ್ಕಿ ಹಿಂದಕ್ಕೆ ತಿರುಗಿ ಸಾರ್ತಿಗೆ ಹೇಳಿದ್ದು, ಬಿಟ್ಟುಬಿಡು, ಇದರಿಂದ ಏನೂ ಆಗಲ್ಲ, ಇವತ್ತಲ್ಲ ನಾಳೆ ಅವರು ಹೊಡೆದೇ ಹೊಡೀತಾರೆ, ಅನ್ನೋ ಅರ್ಥದ ಮಾತು. ತನ್ನ ಕ್ಯಾಪ್ಟನ್ ಬಾಯಲ್ಲಿ ಇಂಥ ಮಾತು ಬರುತ್ತೆ ಅಂತ ಬುರ್ನಿಕ್ ಊಹಿಸಿರಲೇ ಇಲ್ಲವಂತೆ. ಅದನ್ನು ಓದಿದ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿಟ್ಟು ಸುಮಾರು ಹೊತ್ತು ಬಾಲ್ಕನಿಯಲ್ಲಿ ನಿಂತಿದ್ದೆ. ಕಂಬಕ್ಕೆ ಬಡಿದ ಆ ಚೆಂಡು, ನನ್ನ ಯೋಚನೆ. ಪಿಕ್ಕಿ ಎರಡು ಸಲ ಯುರೋಪ್ ಗೆದ್ದ ತಂಡದ ಕ್ಯಾಪ್ಟನ್ನು. ಅವನಿಗೂ ಹಾಗನ್ನಿಸಿತ್ತು.

ಆಕ್ರಮಣ ಮಾಡುವವನಿಗೆ ನಲವತ್ತು ಸಲ ತಪ್ಪಿದರೂ ನಲವತ್ತೊಂದನೆಯದು ಇದೆ. ಕಾಯುವವನಿಗೆ ನಲವತ್ತು ಸಲ ಉಳಿಸಿದರೂ ಸಿಗೋದು ನಲವತ್ತೊಂದನೆಯದು. ಸುವಾರೆಜ್ ಇದ್ದಿದ್ದರೆ ಆಗಾಗ ಚೆಂಡು ಹಿಡಿದುಕೊಂಡು ಉಸಿರು ಬಿಡೋಕೆ ಎರಡು ನಿಮಿಷ ಕೊಡುತ್ತಿದ್ದ. ಇಂಟರ್ ಸೋತದ್ದು ಅಗುಳಿ ಹಾಕಿದ್ದಕ್ಕಲ್ಲ, ಅದನ್ನು ತೆಗೆದು ಆಚೆ ಹೋಗಲಾರದೆ ಒಳಗೇ ಸಿಕ್ಕಿಬಿದ್ದದ್ದಕ್ಕೆ ಅಂತ ನನಗನ್ನಿಸುತ್ತೆ.

84ನೇ ನಿಮಿಷ. ಎಡಗಡೆ ಗೆಮೆಲ್ ನುಗ್ಗಿ ಮತ್ತೆ ಹಿಂದಕ್ಕೆ ಉರುಳಿಸಿದ. ಮರ್ಡಾಕ್ ಒದ್ದ. ಗೋಲಿನಾಚೆ ಹೋಗುತ್ತಿದ್ದ ಚೆಂಡಿಗೆ ಚಾಮರ್ಸ್ ಹತ್ತಿರದಿಂದ ಪಾದ ಕೊಟ್ಟು ಒಳಗೆ ತಿರುಗಿಸಿದ. 2-1. ಅದೃಷ್ಟ ಅಂದವರಿಗೆ ಚಾಮರ್ಸ್ ಹೇಳುತ್ತಿದ್ದದ್ದು, ಅದನ್ನು ತರಬೇತಿಯಲ್ಲಿ ಮತ್ತೆ ಮತ್ತೆ ಅಭ್ಯಾಸ ಮಾಡಿದ್ದೆವು ಅಂತ. ಎರಡೂ ಗೋಲನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಸಲ ಫುಲ್‌ಬ್ಯಾಕ್ ಬದಿಯಿಂದ ಬಂದ, ಎರಡೂ ಸಲ ಚೆಂಡು ಹಿಂದಕ್ಕೆ ಹೋಯಿತು, ಎರಡೂ ಸಲ ಒದ್ದವನು ಓಡಿ ಬಂದವನು. ಬ್ರಿಟನ್ನಿನ ತಂಡವೊಂದು ಯುರೋಪಿಯನ್ ಕಪ್ ಗೆದ್ದದ್ದು ಅದೇ ಮೊದಲು.

ಇಂಟರ್‌ನ ಕತೆ ಅಲ್ಲಿಗೆ ನಿಲ್ಲಲಿಲ್ಲ. ಒಂದು ವಾರದ ನಂತರ, ಜೂನ್ 1ರಂದು, ಲೀಗಿನ ಕೊನೆಯ ಪಂದ್ಯ ಮಾಂಟೊವಾ ಎದುರು. ಗೆದ್ದರೆ ಚಾಂಪಿಯನ್. ಲಿಸ್ಬನ್‌ನಲ್ಲಿ ಅಷ್ಟೆಲ್ಲ ತಡೆದ ಸಾರ್ತಿಯ ಕೈಯಿಂದ ಅವತ್ತು ಸಾಮಾನ್ಯ ಚೆಂಡೊಂದು ಜಾರಿ ಗೋಲೊಳಗೆ ಹೋಯಿತು. 1-0. ಲೀಗ್ ಒಂದೇ ಅಂಕದಲ್ಲಿ ಯುವೆಂಟಸ್ ಪಾಲಾಯಿತು. ಅದೇ ಬೇಸಿಗೆಯಲ್ಲಿ ಪಿಕ್ಕಿಯನ್ನು ವರೇಸೆ ಅನ್ನೋ ತಂಡಕ್ಕೆ ಕಳಿಸಿಬಿಟ್ಟರು, ಗ್ವಾರ್ನೆರಿಯೂ ಹೋದ, ಮರುವರ್ಷ ಸಾರ್ತಿ, ಹೆರೆರಾ ಕೂಡ. ಪಿಕ್ಕಿ ಆಮೇಲೆ ಯುವೆಂಟಸ್ ಕೋಚ್ ಆದ. ಕ್ಯಾನ್ಸರ್ ಬಂದು 1971ರ ಮೇ ತಿಂಗಳಲ್ಲಿ ತೀರಿಕೊಂಡ. 35 ವರ್ಷ.

ಬುರ್ನಿಕ್ ಮತ್ತು ಫಕೆಟ್ಟಿ ಮಾತ್ರ ಇನ್ನೂ ಎರಡು ಸಲ ಇದೇ ಪಾಠ ಓದಬೇಕಾಯಿತು. 1970ರ ವರ್ಲ್ಡ್ ಕಪ್ ಫೈನಲ್, ಮೆಕ್ಸಿಕೋ. ಬುರ್ನಿಕ್ ಕಾಯಬೇಕಾದದ್ದು ಪೆಲೆಯನ್ನು (ಬೆಂಗಳೂರಿನ ಗೌತಮಪುರದಲ್ಲಿ ವಿಗ್ರಹ ಇದೆಯಲ್ಲ, ಅದೇ ಪೆಲೆ). ಪೆಲೆ ಅವನ ತಲೆ ಮೇಲೆ ಹಾರಿ ಮೊದಲ ಗೋಲು ಹೊಡೆದ. ಆದರೆ ನಾಲ್ಕನೇ ಗೋಲು ನೋಡಿ. ಫಕೆಟ್ಟಿ ಕಾಯುತ್ತಿದ್ದ ಜೈರ್‌ಜಿನೊ ಬಲಗಡೆಯ ತನ್ನ ಜಾಗ ಬಿಟ್ಟು ಎಡಕ್ಕೆ ಅಡ್ಡಾಡಿದ. ಫಕೆಟ್ಟಿ ಹಿಂದೆಯೇ ಹೋದ. ಬಲಗಡೆಯ ಬೀದಿ ಪೂರ್ತಿ ಖಾಲಿ. ಪೆಲೆ ತಲೆ ಎತ್ತಿ ನೋಡದೆ ಎಂಬಂತೆ ಆ ಖಾಲಿಗೆ ಚೆಂಡು ಉರುಳಿಸಿದ, ಹಿಂದಿನಿಂದ ಫುಲ್‌ಬ್ಯಾಕ್ ಕಾರ್ಲೋಸ್ ಆಲ್ಬರ್ಟೊ ಓಡಿಬಂದು ಒದ್ದ. 4-1. ಪ್ರಪಂಚದ ಅತಿ ಸುಂದರ ಗೋಲು ಅಂತ ಎಲ್ಲರೂ ಅಂತಾರೆ. ನನಗೆ ಅದು ಲಿಸ್ಬನ್‌ನ ಗೋಲೇ, ಬಣ್ಣದ ಟೀವಿಯಲ್ಲಿ. ಎರಡು ವರ್ಷದ ನಂತರ 1972ರ ಯುರೋಪಿಯನ್ ಕಪ್ ಫೈನಲ್ಲಿನಲ್ಲಿ ಕ್ರೈಫ್‌ನ ಅಯಾಕ್ಸ್ ಇಂಟರ್ ಅನ್ನು 2-0ರಿಂದ ಸೋಲಿಸಿದಾಗಲೂ ಇವರಿಬ್ಬರೂ ಮೈದಾನದಲ್ಲಿದ್ದರು.

ಇಷ್ಟಾದ ಮೇಲೂ ಅಗುಳಿ ಸಾಯಲಿಲ್ಲ, ಬುದ್ಧಿ ಕಲಿಯಿತು. ಮನುಷ್ಯನ ಹಿಂದೆ ಓಡೋದು ಬಿಟ್ಟು ಜಾಗ ಕಾಯೋಕೆ ಶುರು ಮಾಡಿತು. ಈಗಿನ ತಂಡಗಳಲ್ಲಿ ನೀವು ಎಲ್ಲಿಗೆ ಬೇಕಾದರೂ ಅಡ್ಡಾಡಿ, ಯಾರೂ ಹಿಂದೆ ಬರಲ್ಲ. ನಾಲ್ಕು ಜನರ ಎರಡು ಸಾಲು, ನಡುವೆ ಉಸಿರಾಡುವಷ್ಟೂ ಜಾಗ ಇಲ್ಲ, ಚೆಂಡು ಎಡಕ್ಕೆ ಹೋದರೆ ಇಡೀ ಗೋಡೆ ಎಡಕ್ಕೆ ಸರಿಯುತ್ತೆ. ಸ್ಟೀನನ ಅರ್ಧ ಉಪಾಯ ಇಲ್ಲಿ ನಡೆಯಲ್ಲ. 2004ರಲ್ಲಿ ಹೊಸದಾಗಿ ಚೆಲ್ಸಿಗೆ ಬಂದ ಮೊರಿನ್ಯೊ, ತಮ್ಮೊಂದಿಗೆ 0-0 ಮಾಡಿಕೊಂಡ ಟಾಟನ್‌ಹ್ಯಾಮ್‌ನವರು ಗೋಲಿನ ಮುಂದೆ ಬಸ್ ತಂದು ನಿಲ್ಲಿಸಿದರು ಅಂತ ಗೊಣಗಿದ. ಆರು ವರ್ಷದ ನಂತರ ಇಂಟರ್ ಕೋಚ್ ಆಗಿ ತಾನೇ ಅದಕ್ಕಿಂತ ದೊಡ್ಡ ಬಸ್ ನಿಲ್ಲಿಸಿದ! ಏಪ್ರಿಲ್ 2010, ಬಾರ್ಸಿಲೋನಾ. 28ನೇ ನಿಮಿಷಕ್ಕೇ ಮೊಟ್ಟಾಗೆ ಕೆಂಪು ಕಾರ್ಡ್, ಹತ್ತೇ ಜನ. ಮೆಸ್ಸಿ, ಶಾವಿ ಎಲ್ಲ ಸೇರಿ ಒಂದು ಗಂಟೆ ಬಾಗಿಲು ಬಡಿದರು. ಕೊನೆಗೆ ಗೋಲು ಹೊಡೆದದ್ದು ಮುಂದೆ ಹೋಗಿ ನಿಂತಿದ್ದ ಡಿಫೆಂಡರ್ ಪಿಕೆ, 84ನೇ ನಿಮಿಷಕ್ಕೆ. ಅದೇ 84. ಆದರೆ ಈ ಸಲ ಸಾಲಲಿಲ್ಲ, ಎರಡೂ ಪಂದ್ಯ ಸೇರಿ ಇಂಟರ್ 3-2. ಅವತ್ತು ನಾನಿನ್ನೂ ಹೈಸ್ಕೂಲಿನಲ್ಲಿದ್ದೆ, ಆಮೇಲೆ ವಿಡಿಯೋ ನೋಡಿದಾಗ ಪಿಕ್ಕಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು.

ಸ್ಟೀನನ ಇನ್ನರ್ಧ ಉಪಾಯ ಮಾತ್ರ ಇನ್ನೂ ನಡೆಯುತ್ತೆ. ಜೂನ್ 10, 2023, ಇಸ್ತಾಂಬುಲ್. ನಮಗೆ ರಾತ್ರಿ ಹನ್ನೆರಡೂವರೆ. ಚಾಂಪಿಯನ್ಸ್ ಲೀಗ್ ಫೈನಲ್, ಮ್ಯಾಂಚೆಸ್ಟರ್ ಸಿಟಿ ಎದುರು ಮತ್ತೆ ನಮ್ಮ ಇಂಟರ್. ಮೂರು ಸೆಂಟರ್ ಬ್ಯಾಕು, ಅವರ ಮುಂದೆ ಬಿಗಿಯಾದ ಮಿಡ್‌ಫೀಲ್ಡು, ಒಂದು ಗಂಟೆ ಸಿಟಿಗೆ ಏನೂ ಹೊಳೆಯಲಿಲ್ಲ. ಡಿ ಬ್ರೂಯ್ನ ಗಾಯವಾಗಿ ಹೊರಗೆ ಹೋಗಿದ್ದ. 68ನೇ ನಿಮಿಷದಲ್ಲಿ ಅಕಾಂಜಿ, ಅವನು ಡಿಫೆಂಡರ್, ಅದೂ ರಾಪಾನನ ಸ್ವಿಟ್ಜರ್ಲೆಂಡಿನವನು, ಯಾರೂ ತಡೆಯದೆ ಚೆಂಡು ತಗೊಂಡು ಮುಂದೆ ಬಂದು ಬರ್ನಾರ್ಡೊ ಸಿಲ್ವಾಗೆ ಒಳಗೆ ತೂರಿಸಿದ. ಬರ್ನಾರ್ಡೊ ಅಂಚಿನವರೆಗೆ ಹೋಗಿ ಹಿಂದಕ್ಕೆ ಎಳೆದ. ಚೆಂಡು ಒಬ್ಬ ಡಿಫೆಂಡರಿಗೆ ತಾಗಿ ಇನ್ನೂ ಹಿಂದಕ್ಕೆ ಬಂತು. ಓಡಿ ಬಂದವನು ರೋಡ್ರಿ. 1-0.

ರಾತ್ರಿ ಎರಡೂವರೆಗೆ ಆ ಹಳೇ ರೂಮ್‌ಮೇಟ್ ಮೆಸೇಜು. ಅವನೀಗ ಹೈದರಾಬಾದಿನಲ್ಲಿದ್ದಾನೆ. "ನಿನ್ ರೇಷನ್ ಅಂಗಡಿ ಪಾರ್ಟಿ ಮತ್ತೆ ಸೋತ್ರು ಮಗಾ" ಅಂತ ಬರೆದು ನಗುವ ಮುಖಗಳ ಸಾಲು. ನಾನು ಆ ಗೋಲನ್ನು ನಾಲ್ಕನೇ ಸಲ ಹಾಕಿಕೊಂಡು ನೋಡುತ್ತಿದ್ದೆ, ರೋಡ್ರಿಯನ್ನಲ್ಲ, ಇಂಟರ್‌ನ ಡಿಫೆಂಡರುಗಳನ್ನು. ಎಲ್ಲರೂ ತಮ್ಮ ಗೋಲಿನ ಕಡೆಗೇ ಮುಖ ಮಾಡಿ ಓಡುತ್ತಿದ್ದರು. ಅವನಿಗೆ "1967" ಅಂತ ಮಾತ್ರ ಕಳಿಸಿದೆ.

"ಏನ್ ಮಗಾ ಅದು? ಓಟಿಪಿನಾ?" ಅಂದ.

ಬೆಳಿಗ್ಗೆ ಹೇಳ್ತೀನಿ ಮಲ್ಕೋ ಅಂದೆ. ಹೇಳೋಕೆ ಇಷ್ಟು ದಿನ ಹಿಡೀತು.